ತಿಪ್ಪೇರುದ್ರನ ಗಟ್ಟಿ ಮಡಿಕೆ

ಕೊಂಡ್ಲಹಳ್ಳಿಯ ಕುಂಬಾರರ ತಿಪ್ಪೇರುದ್ರ ಬರೋಡಾದಲ್ಲಿ ಕಲಿತು, ಮುಂಬೈಯಲ್ಲಿ ಹೆಸರು ಮಾಡಿ, ತಲೆ ನರೆತ ಮೇಲೆ ಊರಿಗೆ ಮರಳಿದ. ಅಷ್ಟು ವರ್ಷ ಅವನು ಮಾಡಿದ ಮಡಿಕೆಗಳಲ್ಲಿ ಯಾರೂ ನೀರು ಕಾಯಿಸಲಿಲ್ಲ, ಸಾರು ಕುದಿಸಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ದೀಪ ಹಾಕಿ, ಕೈಕಟ್ಟಿಕೊಂಡು ಸುತ್ತ ನಡೆದರು. ಒಂದಕ್ಕೆ ‘ಮೌನ’ ಎಂದು ಹೆಸರಿಟ್ಟಿದ್ದ, ಇನ್ನೊಂದಕ್ಕೆ ‘ಮೌನದ ನಂತರ’. ಎರಡೂ ನೋಡಲು ಒಂದೇ ಥರ ಇದ್ದವು. ಎರಡನೆಯದಕ್ಕೆ ಪ್ರಶಸ್ತಿ ಬಂತು.

ಬೇರಿಗೆ ಮರಳುತ್ತಿದ್ದೇನೆ ಎಂದು ಯಾವುದೋ ಸಂದರ್ಶನದಲ್ಲಿ ಹೇಳಿ ಬಂದಿದ್ದ. ಬೇರು ಎಂದರೆ ಅಣ್ಣ ಹನುಮಣ್ಣ, ಊರು ಬಿಟ್ಟು ಕದಲದೆ ಅಪ್ಪನ ತಿಗರಿಯನ್ನೇ ತಿರುಗಿಸಿಕೊಂಡು ಕೂತವನು. ಊರಲ್ಲಿ ಮದುವೆಯಾಗಲಿ, ಸಾವಾಗಲಿ, ಮಡಿಕೆ ಕುಂಬಾರನ ಮನೆಯಿಂದಲೇ ಹೋಗಬೇಕು. ಆ ಮನೆ ಎಂದರೆ ಹನುಮಣ್ಣನದು. ತಿಪ್ಪೇರುದ್ರ ಅದರ ಪಕ್ಕದಲ್ಲೇ ಗ್ಯಾಸಿನ ಭಟ್ಟಿ ಹಾಕಿ, ಗೇಟಿಗೊಂದು ಫಲಕ ತೂಗಿಸಿ ಕಾದ. ಊರವರು ಒಂದು ಸಲ ತನ್ನ ಬಾಗಿಲಿಗೆ ಬಂದು ಮಡಿಕೆ ಕೇಳಬೇಕು, ತನ್ನನ್ನೂ ಕುಂಬಾರ ಅನ್ನಬೇಕು ಎಂಬುದೊಂದೇ ಅವನ ಆಸೆ. ಯಾರೂ ಬರಲಿಲ್ಲ.

ಒಮ್ಮೆ ತನ್ನ ಮಡಿಕೆಯೊಂದನ್ನು ಒಯ್ದು ಅಣ್ಣನ ಮುಂದಿಟ್ಟ. ಹನುಮಣ್ಣ ಉಗುರಿನಿಂದ ಬಡಿದು ನೋಡಿದ.

“ಪಿಂಗಾಣಿ ಅಂಗಡಿಯೋರು ಕೇಳಿದ್ರೆ ಕೊಡು.”

“ಇದು ಮಡಿಕೆ ಅಲ್ವೇನಣ್ಣ?”

“ನಿನ್ಗೆ ಹಂಗನ್ಸಿದ್ರೆ ಮಡಿಕೇನೇ ಬಿಡು.”

ಹೋದ ಬೇಸಿಗೆಯಲ್ಲಿ ಹನುಮಣ್ಣ ತೀರಿಕೊಂಡ. ಬಹಳ ದಿನ ಹಾಸಿಗೆ ಹಿಡಿದಿದ್ದರಿಂದ ಮನೆಯಲ್ಲಿ ಒಂದೂ ಹೊಸ ಮಡಿಕೆ ಇರಲಿಲ್ಲ. ಮಗ ಅಂಜಿನೇಯ ಚಳ್ಳಕೆರೆಗೆ ಹೋಗಿ ತರಲು ಬೈಕು ಹತ್ತಿದ. ತಿಪ್ಪೇರುದ್ರ ಅಡ್ಡ ನಿಂತ.

“ಕುಂಬಾರನ ಹೆಣಕ್ಕೆ ಅಂಗಡಿ ಮಡಿಕೆನೇನೋ? ನಾನಿನ್ನೂ ಬದುಕಿದೀನಿ.”

“ಕೊಡ್ಲಿ ಬಿಡಪ್ಪ,” ಎಂದಳು ಅತ್ತಿಗೆ ಚಿನ್ನಕ್ಕ. “ಇದ್ದಾಗಂತೂ ಏನೂ ಕೊಡ್ಲಿಲ್ಲ.”

ಅವನು ತನ್ನ ಕೆಲಸದಲ್ಲೇ ಉತ್ತಮವಾದದ್ದನ್ನು ತಂದ. ಕಪ್ಪು ಮೈ, ಕೊರಳಲ್ಲಿ ಬೂದಿಬಣ್ಣದ ಮೆರುಗು. ಮೂರು ಹಗಲು ಬೆಂದದ್ದು.

ಸುಡುಗಾಡಿನಲ್ಲಿ ಮಗ ನೀರು ತುಂಬಿದ ಮಡಿಕೆ ಹೆಗಲ ಮೇಲಿಟ್ಟುಕೊಂಡು ಚಿತೆ ಸುತ್ತಬೇಕು. ಸುತ್ತಿಗೊಂದು ತೂತನ್ನು ಹಿರಿಯರು ಕುಡುಗೋಲ ತುದಿಯಿಂದ ಮಾಡುತ್ತಾರೆ, ನೀರು ಸುರಿಯುತ್ತದೆ. ಕೊನೆಗೆ ಚಿತೆಗೆ ಬೆನ್ನು ಮಾಡಿ ಮಡಿಕೆಯನ್ನು ಹಿಂದಕ್ಕೆ ಹಾಕಬೇಕು. ಒಡೆದ ಸದ್ದು ಕೇಳಿದ ಮೇಲೇ ಬೆಂಕಿ. ಅಲ್ಲಿಯವರೆಗೂ ಸತ್ತವನಿಗೆ ಮನೆಯ ಋಣ ಹರಿಯುವುದಿಲ್ಲ, ಮಗ ಹಿಂದಿರುಗಿ ನೋಡುವಂತಿಲ್ಲ.

ಹಿರಿಯ ಜೋಗಪ್ಪ ಕುಡುಗೋಲು ಇಟ್ಟ. ಟಣ್ ಎಂದಿತು. ಇನ್ನೊಮ್ಮೆ ಕುಟ್ಟಿದ. ಕುಡುಗೋಲಿನ ತುದಿ ಮುರಿಯಿತು.

“ಏನ್ ಹಾಕಿ ಸುಟ್ಟೀಯಪ್ಪ ಇದ್ನ?”

ಮಡಿಕೆಯ ಬಾಯಿಂದಲೇ ನೀರು ಚೆಲ್ಲಿಸಿ ಸುತ್ತು ಮುಗಿಸಿದರು. ಅಂಜಿನೇಯ ಬೆನ್ನು ತಿರುಗಿಸಿ ಮಡಿಕೆ ಬಿಟ್ಟ. ಅದು ಬಂಡೆಗೆ ಬಡಿದು, ಪುಟಿದು, ಉರುಳುತ್ತ ಬಂದು ತಿಪ್ಪೇರುದ್ರನ ಕಾಲ ಬಳಿ ನಿಂತಿತು.

“ಚಿಕ್ಕಪ್ಪ, ಒಡೀತಾ?” ಅಂಜಿನೇಯ ಹಿಂದಕ್ಕೆ ತಿರುಗದೆಯೇ ಕೇಳಿದ.

ಯಾರೋ ನಕ್ಕರು, ಕೆಮ್ಮಿನಂತೆ ಮಾಡಿ ಮುಚ್ಚಿದರು. ಇನ್ನೊಮ್ಮೆ ಹಾಕಿಸಿದರು. ಚಿತೆಯ ಮೇಲೆ ಹನುಮಣ್ಣ ಬಿಸಿಲಲ್ಲಿ ಕಾಯುತ್ತಿದ್ದ.

“ಮಾಡಿದೋನೇ ಒಡೀಲಿ,” ಎಂದು ಜೋಗಪ್ಪ ಸೌದೆ ಸೀಳುವ ಕೊಡಲಿಯನ್ನು ಅವನ ಕೈಗಿತ್ತ.

ತಿಪ್ಪೇರುದ್ರ ಕೊಡಲಿಯ ಹಿಂಬದಿಯಿಂದ ಹೊಡೆದ. ಮೊದಲು ಮೆಲ್ಲಗೆ. ಕಲಾವಿದನಲ್ಲವೇ. ಆಮೇಲೆ ಮಂಡಿಯೂರಿ, ಕನ್ನಡಕ ಜಾರುವಂತೆ, ಏದುಸಿರು ಬಿಡುತ್ತ. ಕೊನೆಗೂ ಒಡೆಯಿತು, ಚೂರೊಂದು ಅಂಗೈ ಸೀಳಿತು. ಅಂಜಿನೇಯ ಬೆಂಕಿ ಇಟ್ಟ.

ಆಮೇಲೆ ಊರವರು ಅವನನ್ನು ಬಯ್ಯಲಿಲ್ಲ, ಹೊಗಳಿದರು. ಅದೇ ಕಷ್ಟವಾಯಿತು. “ಗಟ್ಟಿ ಮಾಲು ಸಾಮಿ ನಿಮ್ಮದು,” ಎಂದು ಟೀ ಅಂಗಡಿಯಲ್ಲಿ ಜಾಗ ಬಿಟ್ಟುಕೊಟ್ಟರು.

ತಿಪ್ಪೇರುದ್ರ ಅಣ್ಣನ ತಿಗರಿಯ ಮುಂದೆ ಕೂತ. ಊರ ಕೆರೆಮಣ್ಣು, ಸಗಣಿ, ಹುಲ್ಲು ಹೊದಿಸಿ ಸುಡುವ ಆವಿಗೆ. ಬೇಸಾಯದ ಕ್ಯಾತಪ್ಪಜ್ಜ ಸಾಯುವ ಹೊತ್ತಿಗೆ ಒಂದು ಮೆತ್ತನೆ ಮಡಿಕೆ ಕೆಂಪಗೆ ಬೆಂದು ಬಂದಿತ್ತು. ಅದನ್ನು ಎತ್ತಿಕೊಂಡು ಗೇಟಿನಲ್ಲಿ ನಿಂತ. ಹೆಣ ಬಂತು. ಮುಂದೆ ಚಳ್ಳಕೆರೆಯಿಂದ ತಂದ ಮಡಿಕೆ ಇತ್ತು. ಕ್ಯಾತಪ್ಪಜ್ಜನ ಮಗ ಬಾಲರಾಜು ಗೇಟಿನ ಹತ್ತಿರ ಬಂದ.

“ಬರ್ರಿ ಮಾವ. ಬರೇ ಕೈಲಿ ಬರ್ರಿ.”

ಮಡಿಕೆಯನ್ನು ಕಟ್ಟೆ ಮೇಲಿಟ್ಟು ಅವನು ಹೋದ. ಸುಡುಗಾಡಿನಲ್ಲಿ ಚಳ್ಳಕೆರೆಯ ಮಡಿಕೆ ಒಂದೇ ಏಟಿಗೆ ಪುಡಿಯಾಯಿತು.

“ಸರಿಯಾಗಿ ಬೆಂದಿಲ್ಲ,” ಎಂದ ತಿಪ್ಪೇರುದ್ರ, ಪಕ್ಕದವನಿಗೆ ತಿಳಿಸಿಕೊಡುವ ದನಿಯಲ್ಲಿ.

ಪಕ್ಕದವನು ಸ್ವಲ್ಪ ಅತ್ತ ಸರಿದು ನಿಂತ.