ಗಾಜಿನೊಳಗಿನ ನರೆಗೂದಲು

ಟಪ್ಪೆಂದು ಕ್ಯಾಮೆರಾದ ಮುಚ್ಚಳ ಕೂತ ಸದ್ದು ಕೇಳಿದರೆ, ಸೂಲಿಬೆಲೆಯ ಪೇಟೆಬೀದಿಯಲ್ಲಿ ಯಾರೋ ಹಿಡಿದಿದ್ದ ಉಸಿರನ್ನು ಈಗ ಬಿಟ್ಟರೆಂದು ಅರ್ಥ. ಫೋಟೋ ಗಫಾರ್ ಸಾಹೇಬರಿಗೆ ಮನುಷ್ಯರ ಮುಖ ಎಷ್ಟು ನೋಡಿದರೂ ಸಾಲದು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ, ಮಾರುವವನ ಗಲ್ಲವನ್ನೇ ಬೆಳಕಿಗೆ ತಿರುಗಿಸುವರು. "ನಗಬೇಡಿ ಗೌಡ್ರೇ, ನಕ್ಕರೆ ಎಲ್ರೂ ಒಂದೇ ಥರ ಕಾಣ್ತೀರಿ" ಎನ್ನುವರು. ಮೂವತ್ತು ವರ್ಷಗಳಲ್ಲಿ ತೆಗೆದ ಗಾಜಿನ ನೆಗೆಟಿವ್ ಪ್ಲೇಟುಗಳಲ್ಲಿ ಒಂದನ್ನೂ ಅವರು ಅಳಿಸಿಲ್ಲ. ಮಂಚದ ಕೆಳಗೆಲ್ಲ ಅವೇ. ಕಾಲು ಚಾಚಲು ಜಾಗವಿಲ್ಲವೆಂದು ಬೇಗಂ ರೇಗಿದರೆ, "ಇಷ್ಟು ಜನಾನ ಎಲ್ಲಿಗೆ ಕಳಿಸ್ಲಿ?" ಎಂದು ನಿಜವಾಗಿಯೂ ಯೋಚಿಸುವರು. ಯುದ್ಧದಿಂದಾಗಿ ಗಾಜು ಸಿಗದಾದ ಮೇಲೆ, ಪಟಗಳಿಗೆ ಗಾಜಿನ ಕಟ್ಟು ಹಾಕುವ ವೆಂಕಟರಾಯಪ್ಪ ದಿನವೂ ಬಂದು ಕೂರತೊಡಗಿದ. "ಹಳೇವನ್ನ ಕೆರೆದು ಕೊಡ್ರೀ ಸಾಬ್ರೇ. ಆ ಮುನಿವೆಂಕಟಮ್ಮನ ಮಗ ಪ್ಲೇಗಿಗೆ ಹೋಗಿ ಎಷ್ಟು ಕಾಲ ಆಯ್ತು! ಒಂದು ಫೋಟೋ ಮಾಡಿಕೊಟ್ಟು ಆ ಗಾಜನ್ನಾದ್ರೂ ಬಿಡಿ." "ಮಾಡಿಕೊಟ್ಟೆ ಕಣಪ್ಪಾ, ಬೇಡ ಅಂದ್ಳು. ಕಾಗದದಲ್ಲಿ ಅವನಿಗೆ ಇನ್ನೂ ಇಪ್ಪತ್ತೇ ವರ್ಷ. ಗಾಜಲ್ಲಿ ಕಪ್ಪಗಿರೋದೆಲ್ಲ ಬಿಳಿ ಆಗಿರ್ತದಲ್ಲ, ಕೂದಲು ನರೆತಂಗೆ ಕಾಣ್ತದೆ. ಮಗ ಮುದುಕ ಆಗಿದ್ದನ್ನ ನೋಡೋಕೆ ವಾರವಾರ ಬರ್ತಾಳೆ." "ಅದ್ಸರಿ, ಆದ್ರೂ ಒಂದು ಗಾಜು..." ಎಂದು ವೆಂಕಟರಾಯಪ್ಪ ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ "ಸಾಬಣ್ಣಾ" ಎಂಬ ಮುದುಕಿಯ ದನಿ ಕೇಳಿತು. ಸಾಹೇಬರು ಪ್ಲೇಟೊಂದನ್ನು ಅಂಗಿಯ ಅಂಚಿನಲ್ಲಿ ಒರೆಸಿಕೊಳ್ಳುತ್ತ ಬಿಸಿಲಿಗೆ ಹೊರಟೇಹೋದರು.