ಖಣದ ಹೊದಿಕೆ

ಪುಣೆಯಲ್ಲಿ ನಾನು ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಕಾಲ. ಕೋಥ್ರೂಡಿನಲ್ಲಿದ್ದ ದೇಶಪಾಂಡೆಯವರು ಧಾರವಾಡದ ಕಡೆಯವರು. ರಿಟೈರ್ ಆದಮೇಲೆ ಬಿಡಿಭಾಗ ತಂದು ತಾವೇ ಕಂಪ್ಯೂಟರ್ ಜೋಡಿಸಿದ್ದರು, ಅದೂ ಕಾರ್ ರೇಸ್ ಆಡಲಿಕ್ಕೆ!

"ಹತ್ತು ನಿಮಿಷ ಛಲೋ ಓಡ್ತದ್ರಿ, ಆಮ್ಯಾಲೆ ಕಾರು ಎತ್ತಿನಗಾಡಿಗತೆ ಜಗ್ಗಿ ಜಗ್ಗಿ ಹೋಗ್ತದ. ರ‍್ಯಾಮ್ ಬದಲಿ ಮಾಡಿದೆ, ಗ್ರಾಫಿಕ್ಸ್ ಕಾರ್ಡೂ ಬದಲಿ ಮಾಡಿದೆ. ನಮ್ಮಾಕಿ ಇದ್ದಾಗ ಹಿಂಗ ಒಮ್ಮೆನೂ ಆಗಿರಲಿಲ್ಲ ನೋಡ್ರಿ."

ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅದಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಅಂತ ನಾನು ಮನಸ್ಸಿನಲ್ಲೇ ರೇಗಿದೆ.

ಕಂಪ್ಯೂಟರಿನ ಡಬ್ಬಿಗೆ ಆಕೆ ಕುಪ್ಪಸದ ಕೆಂಪು ಖಣದಲ್ಲಿ ಹೊಲಿದ ಹೊದಿಕೆಯಿತ್ತು. ಇವರು ಅದರ ಮುಂದಿನ ಅಂಚನ್ನಷ್ಟೇ ಎತ್ತಿ ಬಟನ್ ಒತ್ತಿದರು. ಹಿಂದಿನ ಫ್ಯಾನು ಪೂರ್ತಿ ಮುಚ್ಚಿಹೋಗಿತ್ತು. ಸ್ವಲ್ಪ ಹೊತ್ತಿಗೆ ಕೈಯಿಟ್ಟು ನೋಡಿದರೆ ಕಾದ ಹಂಚು.

"ಇದನ್ನ ತಗೀದೇ ಚಾಲೂ ಮಾಡ್ತೀರೇನ್ರಿ? ಒಳಗಿನ ಬಿಸಿ ಹೊರಗ ಹೋಗಬೇಕಲ್ರಿ!"

ಅವರು ಹೊದಿಕೆಯ ಮೇಲೆ ಕೈಯಾಡಿಸಿದರು. "ನಾ ಬಂದು ಕೂಡೂದ್ರಾಗ ಆಕಿ ತಗದು ಮಡಚಿ ಇಟ್ಟಿರ್ತಿದ್ಲು. ನಾ ಬರೇ ಬಟನ್ ಒತ್ತತಿದ್ದೆ."

ಹೊದಿಕೆ ತೆಗೆದು ನಾನೇ ಅರ್ಧ ತಾಸು ಆಡಿದೆ. ಕಾರು ಎಲ್ಲೂ ಜಗ್ಗಲಿಲ್ಲ. ಅವರು ಪರದೆ ನೋಡಲೇ ಇಲ್ಲ. ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಕೆ ಮಡಚುತ್ತಿದ್ದ ಹಾಗೆ ಮಡಚಲು ನೋಡುತ್ತಿದ್ದರು. ಅಂಚಿಗೆ ಅಂಚು ಕೂಡಲಿಲ್ಲ.

ಎಂಥಾ ಮನುಷ್ಯನಪ್ಪಾ ಅಂದುಕೊಳ್ಳುತ್ತಲೇ ಸ್ಕೂಟರ್ ಹತ್ತಿದೆ. ನಮ್ಮ ಮನೆಯ ಕಂಪ್ಯೂಟರಿಗೂ ಹೆಂಡತಿ ಹೊಲಿದ ಹೊದಿಕೆ ಇದೆ. ಅದರ ಬಣ್ಣ ಯಾವುದು ಅಂತ ಮನೆ ಮುಟ್ಟುವತನಕ ನೆನಪಾಗಲಿಲ್ಲ.