ಅಣಕು ನ್ಯಾಯಾಲಯದಲ್ಲಿ ಗೆದ್ದವನು

ಗಿರಿಜೆ ವಕೀಲೆಯಾಗದಂತೆ ಮಾಡಿದವನು ನಾನು. ಅವಳ ಅಪ್ಪನ ಸಾವಿಗಿದ್ದ ಒಬ್ಬನೇ ಸಾಕ್ಷಿಯನ್ನು ನಮ್ಮ ದೊಡ್ಡಪ್ಪನಿಗೆ ಹಿಡಿದುಕೊಟ್ಟವನೂ ನಾನೇ. ಇಷ್ಟು ಹೇಳಲು ಇಷ್ಟು ವರ್ಷ ಹಿಡಿಯಿತು — ಮಾತಿನಿಂದಲೇ ಹೊಟ್ಟೆ ಹೊರೆಯುವವನಿಗೆ.

ತೊಂಬತ್ತರ ದಶಕದ ಮಾತು. ಅದಕ್ಕೂ ಹಿಂದೆ ನಮ್ಮ ಕಡೆಯವರು ಕಾನೂನು ಓದಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಹಾಸ್ಟೆಲಿನಲ್ಲಿ ಇರಬೇಕಿತ್ತು. ಹೋಗುತ್ತಿದ್ದವರು ಹೆಚ್ಚಾಗಿ ತೋಟದ ಮಾಲೀಕರ ಮಕ್ಕಳು. ಹಾಗಾಗಿ ಮಾಲೀಕರೂ ನಮ್ಮವರೇ, ವಕೀಲರೂ ನಮ್ಮವರೇ. ಚಿಕ್ಕಮಗಳೂರಿನಲ್ಲೇ ಲಾ ಕಾಲೇಜು ಶುರುವಾದ ಮೇಲೆ ಬಸ್ ಪಾಸಿನಲ್ಲಿ ಓಡಾಡುವವರೂ ಬಂದರು. ಆಲ್ದೂರಿನ ಹತ್ತಿರದ ದೊಡ್ಡಪ್ಪನ ಎಸ್ಟೇಟಿನಿಂದ ಇಬ್ಬರು ಸೇರಿದೆವು. ಬಂಗಲೆಯಿಂದ ನಾನು, ಕೂಲಿಯವರ ಸಾಲುಮನೆಗಳಿದ್ದ ಲೈನಿನಿಂದ ಗಿರಿಜೆ.

ಅವಳ ಅಪ್ಪ ಮರಗಸಿ ಮಾಡುವಾಗ, ಎಂದರೆ ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳಿನ ಮರದ ಕೊಂಬೆ ಕಡಿಯುವಾಗ, ಬಿದ್ದು ಸತ್ತಿದ್ದ. ಅವತ್ತು ಅವನಿಗೆ ಕೆಲಸವೇ ಇರಲಿಲ್ಲ, ಸೌದೆಗೆಂದು ತಾನಾಗಿಯೇ ಹತ್ತಿದ ಎನ್ನುತ್ತಿದ್ದರು ದೊಡ್ಡಪ್ಪ. ಅವಳ ತಾಯಿ ಹಾಕಿದ್ದ ಪರಿಹಾರದ ಅರ್ಜಿ ವಿಚಾರಣೆಯಲ್ಲಿತ್ತು.

ಇದೊಂದೂ ತಿಳಿಯದ ನಮ್ಮ ಮೇಷ್ಟ್ರು ಅಣಕು ನ್ಯಾಯಾಲಯಕ್ಕೆ ಕೊಟ್ಟ ಪ್ರಶ್ನೆಯೂ ಅಂಥದೇ: ಮರದಿಂದ ಬಿದ್ದು ಸತ್ತ ಕೂಲಿಯವನಿಗೆ ಮಾಲೀಕ ಹೊಣೆಯೇ? ಕೂಲಿಯವನ ಪರ ಗಿರಿಜೆ, ಮಾಲೀಕನ ಪರ ನಾನು. ವಾದಕ್ಕೆ ಮೊದಲು ಎರಡೂ ಕಡೆಯವರು ಕೂತು ತಮ್ಮ ಅಂಶಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು ಎಂಬುದು ಮೇಷ್ಟ್ರ ಪದ್ಧತಿ. ಮುಚ್ಚಿಟ್ಟು ಗೆಲ್ಲುವುದು ವಕೀಲಿಯಲ್ಲ ಎನ್ನುತ್ತಿದ್ದರು.

ಖಾಲಿ ತರಗತಿಯಲ್ಲಿ ಕೂತೆವು. ಗಿರಿಜೆ ಕಾನೂನಿನ ಅಂಶಗಳನ್ನೆಲ್ಲ ಹೇಳಿ ಮುಗಿಸಿದಳು. ಆಮೇಲೆ ವಾದಕ್ಕೆ ಬೇಕಿಲ್ಲದ್ದನ್ನೂ ಹೇಳಿಬಿಟ್ಟಳು.

"ತಿಮ್ಮಯ್ಯ ಮೇಸ್ತ್ರಿ ನಿಜ ಹೇಳಕ್ಕೆ ಒಪ್ಕಂಡಿದಾರೆ. ಅಪ್ಪನ್ನ ಮರ ಹತ್ಸಿದ್ದು ಅವ್ರೇ ಅಲ್ವಾ. ನಿಮ್ಮನೇಲಿ ಮಾತ್ರ ಹೇಳ್ಬೇಡಿ."

ನಮ್ಮ ತೋಟದಲ್ಲಿ ಕೂಲಿಯವರಿಗೆ ಕೆಲಸ ಹಂಚುತ್ತಿದ್ದವನು ತಿಮ್ಮಯ್ಯ. ಹೇಳುವುದಿಲ್ಲ ಎಂದೆ.

ಅದೇ ಸಂಜೆ ದೊಡ್ಡಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಾ, ಆ ಕಾಲೇಜಿನಲ್ಲಿ ಏನು ಕಲಿಸುತ್ತಾರೋ ಏನೋ ಎಂದು ಕೆಣಕಿದರು. ನಾನು ಹೇಳಿದೆ. ಬಾಯಿತಪ್ಪಿ ಬಂತು ಎಂದು ಬಹಳ ಕಾಲ ನನ್ನನ್ನೇ ನಂಬಿಸಿಕೊಂಡೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದೂ ಅಂದುಕೊಂಡೆ. ಎರಡೂ ಸುಳ್ಳು — ಮೇಸ್ತ್ರಿಯ ಹೆಸರೆತ್ತುವ ಮುಂಚೆ, ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿದ್ದೆ.

ದೊಡ್ಡಪ್ಪ ಲೋಟ ಕೆಳಗಿಟ್ಟರು. "ನಿನ್ನ ಓದ್ಸಿದ್ದು ಸಾರ್ಥಕ ಆಯ್ತು ಮಾರಾಯ," ಎಂದು ನಕ್ಕು ಜೀಪಿನ ಕೀಲಿ ತರಿಸಿದರು. ಜೀಪು ಲೈನಿನ ಕಡೆ ಇಳಿಯುವುದನ್ನು ನಿಂತು ನೋಡಿದೆ. ಕೂಗಿ ನಿಲ್ಲಿಸಲಿಲ್ಲ.

ವಾರ ಕಳೆಯುವುದರೊಳಗೆ ತಿಮ್ಮಯ್ಯನ ಮನೆಗೆ ಬೀಗ ಬಿದ್ದಿತ್ತು. ಹೆಂಡತಿ ಮಕ್ಕಳ ಸಮೇತ ಅವನನ್ನು ಕಳಸದಾಚೆಯ ಯಾವುದೋ ತೋಟಕ್ಕೆ ಕಳಿಸಿದ್ದರು. ಅಣಕು ನ್ಯಾಯಾಲಯದ ದಿನ ಗಿರಿಜೆ ಚೆನ್ನಾಗಿಯೇ ವಾದಿಸಿದಳು. ಪ್ರಶ್ನೆಯಲ್ಲಿದ್ದ ಸಾಕ್ಷಿಯ ಮಾತಿಗೆ ಬಂದಾಗ ನಿಂತು, ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಅವಳಿಗೆ ಗೊತ್ತಾಗಿತ್ತು, ಅಷ್ಟೇ. ಹಾಗೆಯೇ ಕೂತುಬಿಟ್ಟಳು. ನಾನು ಗೆದ್ದೆ, ಎಲ್ಲರೂ ಕೈಕುಲುಕಿದರು.

ಮತ್ತೆ ಅವಳು ಕಾಲೇಜಿಗೆ ಬರಲಿಲ್ಲ. ನಿಜವಾದ ವಿಚಾರಣೆಯಲ್ಲಿ ತಿಮ್ಮಯ್ಯ ತಲೆ ತಗ್ಗಿಸಿಕೊಂಡು, ಅವತ್ತು ಕೆಲಸ ಇರಲಿಲ್ಲ ಎಂದನಂತೆ. ಅರ್ಜಿ ಬಿದ್ದುಹೋಯಿತು. ತಾಯಿ ಮಗಳು ಲೈನು ಬಿಟ್ಟು ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಯಾರಾದರೂ ಹೇಳಿಬಿಟ್ಟರೆ — ಅದೇ ಭಯ.

ಮುಂದೆ ಅದೇ ಕಾಲೇಜಿನಲ್ಲಿ ಮೇಷ್ಟ್ರಾದೆ. ಮೊನ್ನೆ ವಾರ್ಷಿಕೋತ್ಸವದಲ್ಲಿ, ನಮ್ಮ ಜಿಲ್ಲೆಗೆ ಕಾನೂನು ಶಿಕ್ಷಣ ಬಂದ ಕಥೆಯನ್ನು ಹೇಳಲು ನನ್ನನ್ನೇ ನಿಲ್ಲಿಸಿದರು. ಬಂಗಲೆಯ ಸ್ವತ್ತಾಗಿದ್ದ ಓದು ಲೈನಿನವರೆಗೂ ಬಂತು ಎಂದೆ. ಚಪ್ಪಾಳೆ ಬಿತ್ತು. ಇಳಿದು ಬಂದಾಗ ಮೂಡಿಗೆರೆ ಕಡೆಯ ಒಬ್ಬ ವಿದ್ಯಾರ್ಥಿನಿ, ಅವಳೂ ಲೈನಿನವಳೇ, ಹತ್ತಿರ ಬಂದಳು.

"ಸಾರ್, ಹಂಗೆ ಲೈನಿಂದ ಮೊದ್ಲು ಬಂದವ್ರು ಯಾರು? ಈಗ ಲಾಯರ್ರಾ ಅವ್ರು?"

"ಒಬ್ಳಿದ್ಲು. ಅರ್ಧಕ್ಕೇ ಬಿಟ್ಟುಬಿಟ್ಲು," ಎಂದೆ.

ಹೌದಾ ಸಾರ್ ಎಂದವಳ ಮುಖ ಸಣ್ಣದಾಯಿತು. ನಮ್ಮಂಥವರ ಕೈಲಿ ಆಗುವುದಿಲ್ಲವೇನೋ ಎಂದುಕೊಂಡು ಹೋಗಿರಬೇಕು. ಮತ್ತೊಮ್ಮೆ ಅದೇ ಪಾಪ ಮಾಡಿದೆ, ಈ ಸಲ ಕೆಣಕಲು ದೊಡ್ಡಪ್ಪನೂ ಇರಲಿಲ್ಲ.

ನಾಳೆ ಬೆಳಿಗ್ಗೆ ಅವಳ ತರಗತಿಗೆ ನನ್ನ ಪಾಠವಿದೆ. ಎಲ್ಲರೆದುರು ನಿಂತು, ಹೆಸರು ಹಿಡಿದು ಹೇಳುತ್ತೇನೆ — ಗಿರಿಜೆ ಬಿಟ್ಟದ್ದಲ್ಲ, ನಾನು ಬಿಡಿಸಿದ್ದು.